ಮಳೆ ನಿಂತ ಮೇಲೆ ಹೋಗೋಣ

ಮುಂಬಯಿಯಲ್ಲಿ ಮಳೆ ಹಿಡಿದು ಕೂತಾಗ ನೆನೆಯದೆ ಹೊತ್ತು ಕಳೆಯಲು ಎಲ್ಲಿಗೆ ಹೋಗಬೇಕು ಎಂದು ನನ್ನನ್ನು ಕೇಳಿ, ನಿಂತ ಕಾಲಲ್ಲಿ ಹೇಳುತ್ತೇನೆ. ತಾರಾಲಯದಲ್ಲಿ ಕೊನೆಯ ಸಾಲಿನ ಕುರ್ಚಿಗಳು ಉಳಿದವಕ್ಕಿಂತ ಹೆಚ್ಚು ಹಿಂದಕ್ಕೆ ಬಾಗುತ್ತವೆ. ವಸ್ತುಸಂಗ್ರಹಾಲಯದಲ್ಲಿ ಒದ್ದೆ ಕೊಡೆಯನ್ನು ಬಾಗಿಲಲ್ಲೇ ಇಸಿದುಕೊಂಡು ಒಂದು ಬಿಲ್ಲೆ ಕೊಡುತ್ತಾರೆ. ಬಿಲ್ಲೆ ಕಳೆದರೆ ಕೊಡೆಯ ಆಸೆ ಬಿಡಬೇಕು. ಮತ್ಸ್ಯಾಲಯದಲ್ಲಿ ಆಮೆಗಳ ತೊಟ್ಟಿಯ ಪಕ್ಕ ಒಂದು ಬೆಂಚಿದೆ, ಕಾಲು ನೋಯುವವರಿಗೆ ಅದೊಂದೇ ಗತಿ. ಮಾಲಿನಲ್ಲಿ ಏಸಿಯ ಗಾಳಿ ನೇರ ಬೀಳುವ ಜಾಗದಲ್ಲಿ ಒದ್ದೆ ಸೆರಗಿನವರು ನಿಲ್ಲಬಾರದು. ಕಾರವಾರದಲ್ಲಿ ಸಂಸಾರ ಮಾಡಿಕೊಂಡಿರುವ ಹೆಂಗಸಿಗೆ ಈ ವಿದ್ಯೆಯಿಂದ ಆಗಬೇಕಾದ್ದೇನೂ ಇಲ್ಲ. ಆದರೆ ಕೆಲವು ವಿದ್ಯೆಗಳು ಹಾಗೇ, ಒಮ್ಮೆ ಕಲಿತರೆ ಬೇಡವೆಂದರೂ ಮರೆಯುವುದಿಲ್ಲ.

ಮೊನ್ನೆ ಪಕ್ಕದ ಮನೆಯ ಶೈಲಾ ಮಕ್ಕಳನ್ನು ಕರೆದುಕೊಂಡು ಮುಂಬಯಿಗೆ ಹೊರಟಿದ್ದಳು. ಗೋಡೆಯ ಆಚೆಯಿಂದ ಕೇಳಿದಳು, "ಅಕ್ಕಾ, ಈ ಮಳೇಲಿ ಅಲ್ಲಿ ಎಲ್ಲೆಲ್ಲಿ ಹೋಗುದ್ರಾ?" ನಾನು ಮೇಲಿನದೆಲ್ಲವನ್ನೂ ಹೇಳಿದೆ. ಬೆಂಚಿನ ವಿಷಯವನ್ನು ಎರಡು ಸಲ ಹೇಳಿದೆ. ಕೊನೆಗೆ, "ಆದ್ರೆ ಮೊದ್ಲು ಯಾರನ್ನ ನೋಡುಕೆ ಹೋಗ್ತೆ, ಅವರನ್ನ ನೋಡಿ ಬಾ. ಮೀನು ಎಲ್ಲೂ ಹೋಗುದಿಲ್ಲ" ಅಂದೆ. ಶೈಲಾ ನಕ್ಕಳು. "ಅಯ್ಯ ಅಕ್ಕಾ, ಯಾರನ್ನ ನೋಡುದು? ನಾವು ಸುಮ್ನೆ ತಿರ್ಗುಕೆ ಹೋಗುದು!" ನಾನೂ ನಕ್ಕು ಒಳಗೆ ಬಂದೆ. ಒಲೆಯ ಮೇಲೆ ಹಾಲು ಉಕ್ಕಿತ್ತು.

ನಮ್ಮ ಕಡೆ ಮಳೆಯ ದಿನ ಎಂಬುದೊಂದಿಲ್ಲ, ಮಳೆಗಾಲ ಇದೆ. ಮೃಗಶಿರದಲ್ಲಿ ಶುರುವಾದರೆ ಆರ್ದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಹೆಸರು ಬದಲಾಯಿಸಿಕೊಳ್ಳುತ್ತ ಒಂದೇ ಮಳೆ ನಾಲ್ಕು ತಿಂಗಳು ಬರುತ್ತದೆ. ಅದು ನಿಲ್ಲಲಿ ಎಂದು ಇಲ್ಲಿ ಯಾರೂ ಯಾವುದನ್ನೂ ನಿಲ್ಲಿಸಿಕೊಂಡು ಕೂರುವುದಿಲ್ಲ. ಗದ್ದೆಯ ನಟ್ಟಿ ಆಗುವುದೇ ಅದರಲ್ಲಿ. ಶಾಲೆಯ ಮಕ್ಕಳು ಹೋಗುವುದು, ಹಾಲಿನವನು ಬರುವುದು, ಹೆಣ್ಣು ನೋಡಲು ಗಂಡಿನವರು ಒದ್ದೆ ಪಂಚೆಯಲ್ಲಿ ಬಂದು ಜಗಲಿಯ ತುದಿಯಲ್ಲಿ ಕಾಲು ತೊಳೆಯುವುದು, ಎಲ್ಲ ಅದರಲ್ಲೇ. "ಮಳೆ ಇತ್ತು, ಅದ್ಕೆ ಬರ್ಲಿಲ್ಲ" ಎಂದು ಅಂಕೋಲೆ ಕಡೆಯ ಬೆಳಂಬಾರದಲ್ಲಿ ಯಾರಾದರೂ ಹೇಳಿದರೆ ಸಿಗುವ ಉತ್ತರ ಒಂದೇ: "ನೀ ಎಂತಾ ಉಪ್ಪಿನ ಗೊಂಬ್ಯಾ, ಕರಗುಕೆ?" ಉಪ್ಪು ಬೆಳೆಯುವ ತಾಲೂಕಿನಲ್ಲಿ ಈ ಮಾತಿಗೆ ತೂಕ ಹೆಚ್ಚು.

ನಾನು ಮಾತ್ರ ಸ್ವಲ್ಪ ಉಪ್ಪಿನ ಗೊಂಬೆಯೇ. ಹುಟ್ಟಿದ್ದು ಕಾರವಾರದ ಕೋಡಿಬಾಗದಲ್ಲಿ, ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಮಳೆಯೆಂದರೆ ಹವಾಮಾನವಲ್ಲ, ಶಿಸ್ತಿನ ಪ್ರಶ್ನೆ. ಆಟದ ಪಿರಿಯಡ್ಡಿಗೆ ಸರಿಯಾಗಿ ಮಳೆ ಸುರಿದರೆ ಸಿಸ್ಟರ್ ಫಿಲೋಮಿನಾ ನಮ್ಮನ್ನು ಸಾಲಾಗಿ ಹಾಲಿಗೆ ನಡೆಸಿ, ಹಾವು ಏಣಿಯ ಹಲಗೆಗಳನ್ನೂ ಒಂದು ಕೇರಂ ಬೋರ್ಡನ್ನೂ ಹಂಚುತ್ತಿದ್ದರು. ನಾಲ್ಕು ತುಂಡು ಕಳೆದುಹೋದ ಒಂದು ಚಿತ್ರದ ಜೋಡಣೆಯೂ ಇತ್ತು. ಏಳು ವರ್ಷ ಅದನ್ನೇ ಜೋಡಿಸಿದೆವು. ಕುದುರೆಗೆ ಕೊನೆಯವರೆಗೂ ಮುಖ ಬರಲಿಲ್ಲ. ಒದ್ದೆ ಕಾಲುಚೀಲ ಹಾಕಿಕೊಂಡು ಬಂದವಳನ್ನು ಸಿಸ್ಟರ್ ಬೈಯುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು. "ಒಳ್ಳೆಯ ಹುಡುಗಿಯರು ನೆನೆಯುವುದಿಲ್ಲ" ಎನ್ನುವುದು ಅವರ ನಂಬಿಕೆ. ಬೈದಿದ್ದರೆ ಮರೆತುಬಿಡುತ್ತಿದ್ದೆ. ಆ ನೋಟ ಮಾತ್ರ ನನ್ನೊಳಗೆ ಉಳಿದುಕೊಂಡಿತು.

ಹೀಗೆ ತಯಾರಾದ ನಾನು ಮದುವೆಯಾಗಿ ಹೋದದ್ದು ಅಂಕೋಲೆಯ ಬೊಬ್ರುವಾಡಕ್ಕೆ, ಗದ್ದೆಯ ಅಂಚಿಗಿದ್ದ ಮನೆಗೆ. ಅತ್ತೆಯ ತವರು ಬೆಳಂಬಾರ. ಮೊದಲ ಮಳೆಗಾಲದಲ್ಲಿ ನಟ್ಟಿಯವರಿಗೆ ಚಾ ಕೊಟ್ಟು ಬಾ ಎಂದು ಅತ್ತೆ ನನ್ನ ಕೈಗೆ ಕೆಟಲಿ ಕೊಟ್ಟರು, ತಲೆಯ ಮೇಲೆ ಪ್ಲಾಸ್ಟಿಕ್ ಕೊಪ್ಪೆ ಹೊದಿಸಿದರು. ನಾನು ಕೆಟಲಿ ಹಿಡಿದು ಜಗಲಿಯಲ್ಲಿ ನಿಂತೆ.

"ಎಂತಾ ಕಾಯ್ತೆ ತಂಗಿ?"

"ಮಳೆ ಸ್ವಲ್ಪ ಕಮ್ಮಿ ಆಗ್ಲಿ ಅಂತ ಅತ್ತೆ."

ಅತ್ತೆ ಆಕಾಶ ನೋಡಿದರು, ನನ್ನನ್ನು ನೋಡಿದರು. "ಅಡ್ಡಿಲ್ಲ. ಹಂಗಾದ್ರೆ ಚಾ ದೀಪಾವಳಿಗೆ ಬತ್ತದೆ ಅಂತ ಗದ್ದೆಗೆ ಹೇಳಿ ಕಳಿಸ್ತೆ."

ಅತ್ತೆ ಬೈದರೂ ಹೀಗೇ. ಕೇಳಿಸಿಕೊಂಡವರಿಗೆ ನಗು ಬರುತ್ತದೆ, ಬೈಸಿಕೊಂಡದ್ದು ತಿಳಿಯಲು ಗದ್ದೆಯ ಅರ್ಧ ದಾರಿ ಬೇಕು.

ಯಜಮಾನರಿಗೆ ಕಾರವಾರದಲ್ಲಿ ನೌಕರಿಯಾಗಿ ನಾವು ಇಲ್ಲಿಗೆ ಬಂದ ಮೇಲೆ ಅತ್ತೆ ಬೊಬ್ರುವಾಡದಲ್ಲಿ ಭಾವನವರ ಸಂಸಾರದ ಜೊತೆ ಉಳಿದರು. ತಿಂಗಳಿಗೊಮ್ಮೆ ನಮ್ಮಲ್ಲಿಗೆ ಬರುತ್ತಿದ್ದರು. ಬಂದಾಗ ಅವರ ಮುಖ್ಯ ಕೆಲಸ ಅಕ್ಕನಿಗೆ ಕಾಗದ ಬರೆಸುವುದು. ಅವರಿಗೆ ಒಬ್ಬಳೇ ಅಕ್ಕ, ತುಳಸಕ್ಕ. ಮುಂಬಯಿಯ ಗಿರಗಾಂವದ ಒಂದು ಚಾಳಿನ ಮೂರನೆಯ ಮಾಳಿಗೆಯಲ್ಲಿ ಮಗನ ಸಂಸಾರದೊಂದಿಗೆ ಇದ್ದರು. ಅಕ್ಕತಂಗಿಯರು ಮುಖ ನೋಡಿ ಹದಿನೆಂಟು ವರ್ಷವಾಗಿತ್ತು. ತುಳಸಕ್ಕ ನನ್ನನ್ನು ಕಂಡೇ ಇರಲಿಲ್ಲ. ಅವರಿಗೆ ನಾನೆಂದರೆ ಕಾಗದದ ಮೇಲಿನ ದುಂಡು ಅಕ್ಷರ. "ನಿನ್ನ ಇಂಗ್ಲಿಷ್ ಸೊಸೆ ಗಂಜಿ ಉಣ್ತದಾ, ಇಲ್ಲಾ ಬ್ರೆಡ್ಡೇ ಬೇಕಾ?" ಎಂದು ಪ್ರತಿ ಉತ್ತರದಲ್ಲೂ ಒಂದು ಸಾಲು ಇರುತ್ತಿತ್ತು. ಅದನ್ನು ಅತ್ತೆಗೆ ಓದಿ ಹೇಳಬೇಕಾದವಳೂ ನಾನೇ. ಅತ್ತೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ತುಳಸಕ್ಕನಿಗೆ ಈ ಸೊಸೆಯ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ ಎಂಬುದು ನನಗೂ ಗೊತ್ತಾಗುತ್ತಿತ್ತು, ಅತ್ತೆಗೂ.

ಮೂರು ವರ್ಷದ ಹಿಂದೆ ಜುಲೈಯಲ್ಲಿ ಬಂದ ಕಾಗದದಲ್ಲಿ ಆ ಸಾಲು ಇರಲಿಲ್ಲ. ಮೊಣಕಾಲು ಹೋಗಿದೆ, ಮೆಟ್ಟಿಲು ಇಳಿಯಲು ಆಗುವುದಿಲ್ಲ, ನೀನೇ ಒಂದು ಸಲ ಬಂದು ಹೋಗು ಎಂದಷ್ಟೇ ಇತ್ತು. ನಟ್ಟಿ ಮುಗಿದಿತ್ತು. ಕೊಂಕಣ ರೈಲು ಬಂದ ಮೇಲೆ ಮುಂಬಯಿ ಏನು ದೂರ? ಯಜಮಾನರಿಗೆ ರಜೆ ಇರಲಿಲ್ಲ. "ಆಯಿಗೆ ದೊಡ್ಡಮ್ಮನ್ನ ತೋರ್ಸ್ಕೊಂಡು ಬಾ. ಸುನಂದನ ಮನೇಲಿ ಉಳೀರಿ" ಎಂದರು. ಸುನಂದಾ ನನ್ನ ನಾದಿನಿ, ಡೊಂಬಿವಿಲಿಯಲ್ಲಿ ಇದ್ದಾಳೆ.

ಈಗ ತಪ್ಪೊಪ್ಪಿಗೆಯ ಮಾತು. ಆ ಹೊತ್ತಿಗೆ ನನ್ನ ಕೈಚೀಲದೊಳಗೆ ಒಂದು ಇಂಗ್ಲಿಷ್ ಮಾಸಿಕದಿಂದ ಕತ್ತರಿಸಿದ ಹಾಳೆ ಇತ್ತು. ದಂತವೈದ್ಯರ ಕೋಣೆಯಲ್ಲಿ ಕಾಯುತ್ತ ಕೂತಾಗ ಸಿಕ್ಕಿದ್ದು. (ಕತ್ತರಿಸಿದ್ದಲ್ಲ, ಹರಿದದ್ದು, ಹರಿಯುವಾಗ ಸದ್ದು ಕೇಳಿಸದಿರಲೆಂದು ಕೆಮ್ಮಿದೆ.) ಮಹಾನಗರದಲ್ಲಿ ಮಳೆಯ ದಿನ ಎಲ್ಲೆಲ್ಲಿ ಒಳಗೇ ಇದ್ದು ಸಂತೋಷಪಡಬಹುದು ಎಂಬ ಪಟ್ಟಿ. ಮದುವೆಯಾಗಿ ಹದಿನಾಲ್ಕು ವರ್ಷ ನಾನು ಗೋವಾ ಗಡಿ ದಾಟಿರಲಿಲ್ಲ. ಅತ್ತೆಗೆ ಅಕ್ಕನನ್ನು ತೋರಿಸುವ ಪುಣ್ಯದ ಜೊತೆಗೆ ನನಗೂ ಒಂದಷ್ಟು ನೋಡುವ ಆಸೆ. ಆಸೆ ಪಾಪವಲ್ಲ. ಆದರೆ ಯಾವುದರ ಜೊತೆಗೆ ಯಾವುದು ಎನ್ನುವುದು ನನ್ನ ಲೆಕ್ಕದಲ್ಲಿ ರೈಲು ರತ್ನಾಗಿರಿ ದಾಟುವುದರೊಳಗೆ ಅದಲುಬದಲಾಗಿತ್ತು.

ನಾವು ಒಂಬತ್ತು ದಿನ ಅಲ್ಲಿದ್ದೆವು. ಮೊದಲ ದಿನ ದಣಿವು. ಎರಡನೆಯ ದಿನ ಬೆಳಿಗ್ಗೆ ಅತ್ತೆ ಮಿಂದು, ಹಸಿರು ಸೀರೆ ಉಟ್ಟು, ಅಕ್ಕನಿಗೆಂದು ಕಟ್ಟಿಕೊಂಡು ಬಂದ ಒಣ ಸೀಗಡಿಯ ಗಂಟು ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದರು. ಹೊರಗೆ ಮಳೆ. ನಮ್ಮೂರಿನ ಮಳೆಗೆ ಹೋಲಿಸಿದರೆ ಅದು ತಾಳೆ ಗರಿಯಿಂದ ಹನಿದಷ್ಟು. ಆದರೆ ಸುನಂದಾ ಕಿಟಕಿಯಿಂದ ನೋಡಿ, "ವೈನಿ, ಇವತ್ತು ಬೇಡ. ಗಿರಗಾಂವದ ಗಲ್ಲೀಲಿ ನೀರು ನಿಂತಿರ್ತದೆ, ಗಟಾರದ ನೀರು ಎಲ್ಲಾ ಕಾಲಿಗೇ" ಎಂದಳು. ಗಟಾರ ಎಂಬ ಶಬ್ದ ಕೇಳಿದ್ದೇ ನನ್ನೊಳಗೆ ಸಿಸ್ಟರ್ ಫಿಲೋಮಿನಾ ಕಣ್ಣು ಬಿಟ್ಟರು. "ಹೌದು ಅತ್ತೆ, ಮಳೆ ನಿಂತ ಮೇಲೆ ಹೋಗೋಣ" ಎಂದೆ.

ತುಳಸಕ್ಕನ ಪಕ್ಕದ ಖೋಲಿಯವರಲ್ಲಿ ಫೋನಿತ್ತು. ನನಗೆ ಬರುವ ಹಿಂದಿಯಲ್ಲಿ ಹೇಳಿದೆ: ಮಳೆ ಬರುತ್ತಿದೆ, ನಾಳೆ ಬರುತ್ತೇವೆ.

"ಹಂಗಾದ್ರೆ ಇವತ್ತು ಎಂತಾ ಮಾಡುದು?" ಎಂದರು ಅತ್ತೆ. ಕೆಲಸವಿಲ್ಲದ ಹಗಲು ಅವರಿಗೆ ಹೊಸದು. ನಾನು ಕೈಚೀಲದಿಂದ ಹಾಳೆ ತೆಗೆದೆ.

ಹೀಗೆ ನಮ್ಮ ಒಳಾಂಗಣ ಯಾತ್ರೆ ಶುರುವಾಯಿತು. ಒಂದು ಸಂಗತಿ ನನಗೆ ಅಲ್ಲಿಯೇ ಹೊಳೆಯಿತು: ನಮ್ಮಲ್ಲಿ ಮಾಡಿನ ಹೊರಗೆ ಬಿದ್ದುಕೊಂಡಿರುವುದನ್ನೆಲ್ಲ ಆ ಊರಿನವರು ಮಾಡಿನ ಒಳಗೆ ತಂದು ಇಟ್ಟಿದ್ದಾರೆ. ಆಕಾಶ, ಕಡಲು, ಪೇಟೆ, ದೇವರು, ಎಲ್ಲಕ್ಕೂ ಸೂರು, ಎಲ್ಲಕ್ಕೂ ಟಿಕೆಟು. ನೆನೆಯದೆ ಆಕಾಶ ನೋಡಬಹುದು ಎಂಬುದು ಸಣ್ಣ ಸಾಧನೆಯಲ್ಲ. ನಾನು ಮನಸಾರೆ ಮೆಚ್ಚಿದೆ.

ತಾರಾಲಯದಲ್ಲಿ ದೀಪ ಆರಿಸಿದಾಗ ಅತ್ತೆ ನನ್ನ ಕೈ ಹಿಡಿದುಕೊಂಡರು. ಮೇಲೆ ಗುಮ್ಮಟದ ತುಂಬ ನಕ್ಷತ್ರಗಳು. ಹಿಂದಿಯಲ್ಲಿ ಒಂದು ಗಂಭೀರ ಧ್ವನಿ ಒಂದೊಂದರ ಹೆಸರು ಹೇಳುತ್ತ, ಬೆಳಕಿನ ಬಾಣದಲ್ಲಿ ತೋರಿಸುತ್ತ ಹೋಗುತ್ತಿತ್ತು. ಅತ್ತೆಗೆ ಹಿಂದಿ ಬಾರದು. ಇದ್ದಕ್ಕಿದ್ದ ಹಾಗೆ ಧ್ವನಿ "ಪುಷ್ಯ" ಎಂದಿತು.

"ತಂಗೀ, ಪುಷ್ಯ ಅಂತೆ! ಈಗ ಹೊರಗೆ ಬೀಳ್ತಾ ಇದ್ದದ್ದು ಇದೇ ಅಲ್ದಾ!"

ನಾಲ್ಕು ಸಾಲು ಮುಂದಿನವರೆಗೆ ಜನ ತಿರುಗಿ ನೋಡಿದರು. ಸುನಂದನ ಮಗಳು, ಹನ್ನೊಂದರ ಪಲ್ಲವಿ, "ಆಜಿ, ಹಳೂ ಬೋಲ್ ನಾ" ಎಂದು ಮರಾಠಿಯಲ್ಲಿ ಮೆಲ್ಲಗೆ ಗದರಿದಳು. ನಾನು ಕತ್ತಲಲ್ಲಿ ನಾಚಿಕೊಂಡೆ. ಈಗ ಯೋಚಿಸಿದರೆ ಆ ಇಡೀ ಸಭೆಯಲ್ಲಿ ಪುಷ್ಯದೊಂದಿಗೆ ಬಳಕೆ ಇದ್ದವರು ಅತ್ತೆಯೊಬ್ಬರೇ. ಜೀವಮಾನವಿಡೀ ಆ ಹೆಸರಿನಲ್ಲಿ ಗದ್ದೆ ಮಾಡಿದವರು, ನಕ್ಷತ್ರವನ್ನು ಮಾತ್ರ ಕಂಡವರಲ್ಲ. ಕಾಣುವ ಹಾಗೂ ಇಲ್ಲ. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಆ ನಕ್ಷತ್ರದ ಹೆಸರು ಮಳೆಗೆ. ಅಂದರೆ ಆ ದಿನಗಳಲ್ಲಿ ಅದು ಸೂರ್ಯನ ಜೊತೆಗೇ ಹುಟ್ಟಿ ಅವನ ಜೊತೆಗೇ ಮುಳುಗುತ್ತದೆ. ಮೋಡವಿಲ್ಲದಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಇದನ್ನೆಲ್ಲ ನಾನು ಹೊರಗೆ ಬರುತ್ತ ಅತ್ತೆಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಸೆರಗು ಸರಿಮಾಡಿಕೊಂಡು ಕೇಳಿದ್ದು ಇಷ್ಟೇ:

"ಇಲ್ಲಿಂದ ಅಕ್ಕನ ಮನೆ ದೂರಾ?"

ವಸ್ತುಸಂಗ್ರಹಾಲಯದಲ್ಲಿ ಅವರು ಮೆಟ್ಟಿಲ ಕೆಳಗೇ ಚಪ್ಪಲಿ ಬಿಟ್ಟರು. ಒಳಗೆ ಇಷ್ಟು ದೇವರಿರುವಾಗ ಮೆಟ್ಟಿಕೊಂಡು ಹೋಗುವುದು ಹೇಗೆ? ಕಾವಲಿನವನು ಬೇಡವೆಂದ, ಅವರು ಕೇಳಲಿಲ್ಲ. ತಣ್ಣನೆಯ ಕಲ್ಲಿನ ಮೇಲೆ ಎರಡು ಗಂಟೆ ಬರಿಗಾಲಲ್ಲಿ ನಡೆದರು. ಕೈ ಮುರಿದ ದೇವಿಯ ಮುಂದೆ ನಿಂತು, "ಪಾಪ, ಇದಕ್ಕೆ ಒಂದು ಹೂವೂ ಇಲ್ಲ" ಎಂದರು. ಹೊರಗೆ ಬಂದಾಗ ಚಪ್ಪಲಿಯಲ್ಲಿ ನೀರು ತುಂಬಿತ್ತು. ನೀರು ಚೆಲ್ಲಿ ಮೆಟ್ಟಿಕೊಂಡು, "ಇಲ್ಲಿಂದ ದೂರಾ ತಂಗಿ?" ಎಂದರು.

"ನಾಳೆ ಅತ್ತೆ. ಮಳೆ ನಿಂತ ಮೇಲೆ."

ನಾನು ಎರಡನೆಯ ಫೋನು ಮಾಡಿದೆ, ಮೂರನೆಯದನ್ನೂ ಮಾಡಿದೆ. ಮೂರನೆಯ ಸಲ ಪಕ್ಕದವರ ಬದಲು ಒಂದು ವಯಸ್ಸಾದ ಧ್ವನಿ ಕೇಳಿಸಿತು. ಗೋಡೆ ಹಿಡಿದುಕೊಂಡು ಪಕ್ಕದ ಖೋಲಿಗೆ ನಡೆದು ಬಂದದ್ದಿರಬೇಕು, ಉಸಿರು ಕೇಳುತ್ತಿತ್ತು.

"ಯಾರು, ಸೊಸೆಯಾ?"

"ಹೌದು ದೊಡ್ಡಮ್ಮ. ಮಳೆ ಜೋರು ಅದೆ, ಅದ್ಕೇ ಇವತ್ತೂ..."

"ಮಳೆಯಾ? ನನ್ನ ತಂಗಿ ಅಲ್ಲೇ ಅದೆ ಅಲ್ದಾ? ಅದ್ರ ಕೈಗೆ ಕೊಡು ಫೋನು."

ಅತ್ತೆ ಸ್ನಾನಕ್ಕೆ ಹೋಗಿದ್ದರು. ಹಾಗೇ ಹೇಳಿದೆ. ನಿಜವನ್ನೇ ಹೇಳಿದರೂ ನನ್ನ ಕಿವಿಗೇ ಅದು ಸುಳ್ಳಿನಂತೆ ಕೇಳಿಸಿತು. "ಅಡ್ಡಿಲ್ಲ" ಎಂದು ಆ ಕಡೆ ಇಟ್ಟುಬಿಟ್ಟರು. ಸಂಜೆ ನಾನೇ ಮತ್ತೆ ಮಾಡಿ ಇಬ್ಬರನ್ನೂ ಮಾತಾಡಿಸಬೇಕೆಂದುಕೊಂಡೆ. ಆದರೆ ಅಂದು ಮಾಲಿಗೆ ಹೋಗಿದ್ದೆವು. ಅಲ್ಲಿ ತಾನೇ ಏರುವ ಮೆಟ್ಟಿಲು ಇತ್ತು. ಪಲ್ಲವಿಯೂ ನಾನೂ ನಾಲ್ಕು ಸಲ ಏರಿ ಇಳಿದೆವು. ಅತ್ತೆ ಅದರ ಹತ್ತಿರ ಬರಲಿಲ್ಲ. ಕೆಳಗೆ ನಿಂತು, ನಾನು ಮೇಲೆ ಹೋಗುವಾಗ ಒಂದು ಸಲ ಕೈ ಬೀಸಿದರು. ತಿರುಗಿ ಬರುವಾಗ ತಡವಾಗಿ, ಫೋನಿನ ವಿಷಯ ಮರೆತುಹೋಯಿತು. ಮರೆತುಹೋಯಿತು ಎಂದು ಬರೆದೆ. ಮರೆತೆ ಎಂದು ಬರೆಯಬೇಕು.

ಏಳನೆಯ ದಿನ ಮತ್ಸ್ಯಾಲಯಕ್ಕೆ ಹೋದೆವು. ಕಾರವಾರದವರು ಮೀನು ನೋಡಲು ಮುಂಬಯಿಗೆ ಹೋಗುವುದು ಹಾಸ್ಯಾಸ್ಪದ ಎಂದು ನಿಮಗೆ ಅನ್ನಿಸಿದರೆ, ನಮ್ಮ ಯಜಮಾನರೂ ಹಾಗೇ ಹೇಳಿದರು. ಅತ್ತೆ ಗಾಜಿನ ಮುಂದೆ ತುಂಬ ಹೊತ್ತು ನಿಂತರು. ನಾನು ಅವರು ಸಾರಿನ ವಿಷಯ ಎತ್ತುತ್ತಾರೆಂದು ಅಂಜಿದ್ದೆ. ಅವರು ಕೇಳಿದ್ದು ಬೇರೆ. "ಇವನ್ನ ಮಳೆಗಾಲ ಅಂತ ಒಳಗೆ ಇಟ್ಟಿದ್ದಾ? ಆಮೇಲೆ ಬಿಡ್ತರಾ?" ನಮ್ಮಲ್ಲಿ ಮಳೆಗಾಲದ ಎರಡು ತಿಂಗಳು ಮೀನು ಹಿಡಿಯುವುದಿಲ್ಲ, ಮೊಟ್ಟೆ ಇಡುವ ಕಾಲ. ಅವರಿಗೆ ಇದೂ ಅಂಥದೇ ಏನೋ ಕಾಳಜಿ ಎನ್ನಿಸಿರಬೇಕು. "ಇಲ್ಲ ಅತ್ತೆ, ಯಾವಾಗ್ಲೂ ಇಲ್ಲೇ" ಎಂದೆ. "ಕಡಲು ಇಲ್ಲೇ ರಸ್ತೆ ಆಚೆ ಅದಲ್ಲೇ!" ಎಂದು ಆಶ್ಚರ್ಯಪಟ್ಟರು. ಆಮೇಲೆ ಆಮೆಗಳ ಪಕ್ಕದ ಬೆಂಚಿನಲ್ಲಿ ಕೂತುಕೊಂಡರು.

ಅಲ್ಲಿಗೆ ಹೋಗಲು ಇಳಿಯುವ ಲೋಕಲ್ ಸ್ಟೇಷನ್ನಿಗೆ ಒಂದು ಸೇತುವೆ ಇದೆ. ಈ ಕಡೆ ಇಳಿದರೆ ಕಡಲು, ಮತ್ಸ್ಯಾಲಯ. ಆ ಕಡೆ ಇಳಿದರೆ ಗಿರಗಾಂವ. ತಿರುಗಿ ಬರುವಾಗ ಸೇತುವೆಯ ಮೇಲೆ ಸುನಂದಾ ನಿಂತಳು. "ವೈನಿ, ದೊಡ್ಡಮ್ಮನ ಚಾಳು ಇಲ್ಲಿಂದ ಹತ್ತು ಮಿನಿಟು. ಹೋಗಿ ಬರುದಾ?"

ಅತ್ತೆ ನನ್ನ ಮುಖ ನೋಡಿದರು.

ಕೆಳಗೆ ರಸ್ತೆಯಲ್ಲಿ ಮೊಣಕಾಲಿನ ಅರ್ಧದವರೆಗೆ ಕಂದು ನೀರು. ಜನ ಅದರಲ್ಲೇ ಚೀಲ ಎತ್ತಿ ಹಿಡಿದು ಹೋಗುತ್ತಿದ್ದರು, ಯಾರೂ ಕರಗಿದಂತೆ ಕಾಣಲಿಲ್ಲ. ನನ್ನ ಕಾಲಲ್ಲಿ ಹಿಂದಿನ ದಿನ ಮಾಲಿನಲ್ಲಿ ಕೊಂಡ ಹೊಸ ಚಪ್ಪಲಿ ಇತ್ತು, ಕೆನೆ ಬಣ್ಣದ್ದು. ಇದನ್ನು ಬರೆಯಲು ನನಗೆ ಮೂರು ವರ್ಷ ಬೇಕಾಯಿತು.

"ಕತ್ತಲಾಗ್ತಾ ಬಂತು ಸುನಂದಾ. ಅತ್ತೆಯವ್ರ ಕಾಲಿಗೆ ಹೊಲಸು ನೀರು ತಾಗುದು ಬೇಡ. ನಾಳೆ ಬೆಳಿಗ್ಗೇನೇ ಬರೋಣ, ಹೊರಗೆ ಬೇರೆ ಎಲ್ಲೂ ಹೋಗುದು ಬೇಡ" ಎಂದೆ. ಐವತ್ತು ಮಳೆಗಾಲ ಕೆಸರಲ್ಲಿ ನಿಂತು ನಟ್ಟಿ ಮಾಡಿದ ಕಾಲು, ಅದಕ್ಕೆ ನೀರು ತಾಗಬಾರದು ಎಂದು ನಾನು ಕಾಳಜಿ ಮಾಡಿದೆ.

"ಅಡ್ಡಿಲ್ಲ" ಎಂದರು ಅತ್ತೆ.

ಆ ರಾತ್ರಿ ಸುರಿಯಲು ಶುರುವಾದದ್ದು ಬೆಳಿಗ್ಗೆಯೂ ನಿಲ್ಲಲಿಲ್ಲ. ಒಂದು ವಾರ ನಾನು ನೆಪ ಹೇಳುತ್ತಿದ್ದ ಮಳೆ ಎಂಟನೆಯ ದಿನ ನಿಜವಾಗಿ ಬಂತು. ಹಳಿಗಳ ಮೇಲೆ ನೀರು ನಿಂತು ಲೋಕಲ್‌ಗಳು ಬಂದಾದವು, ಫೋನು ಸತ್ತಿತು. ಹಸಿರು ಸೀರೆ ಉಟ್ಟು ಅತ್ತೆ ಸಂಜೆಯವರೆಗೆ ಕುರ್ಚಿಯಲ್ಲಿ ಕೂತಿದ್ದರು. ಮಧ್ಯೆ ಒಂದು ಸಲ, "ನಡ್ಕಂಡು ಹೋದ್ರೆ ಎಷ್ಟು ಹೊತ್ತು ಬೇಕು?" ಎಂದು ಕೇಳಿದರು. ಪಲ್ಲವಿ ನಕ್ಕುಬಿಟ್ಟಳು. "ಆಜಿ, ಡೊಂಬಿವಿಲಿಯಿಂದ ಗಿರಗಾಂವಕ್ಕಾ! ಎರಡು ದಿವ್ಸ!" ಅತ್ತೆಯೂ ನಕ್ಕರು. ಒಂಬತ್ತನೆಯ ದಿನ ಹಳಿಯ ನೀರು ಇಳಿಯುತ್ತಿದ್ದಂತೆ ನಮ್ಮ ಟಿಕೆಟು. ಸೀಗಡಿಯ ಗಂಟನ್ನು ಸುನಂದನ ಅಡಿಗೆಮನೆಯಲ್ಲಿ ಬಿಟ್ಟು, ಠಾಣೆಯಲ್ಲಿ ರೈಲು ಹತ್ತಿದೆವು.

"ದೀಪಾವಳಿ ಆದ್ಮೇಲೆ ಮತ್ತೆ ಬರೋಣ ಅತ್ತೆ, ಆಗ ಮಳೆ ಇರುದಿಲ್ಲ" ಎಂದೆ ರೈಲಿನಲ್ಲಿ. ಅವರು ಕಿಟಕಿಯ ಆಚೆ ನೋಡುತ್ತಿದ್ದರು. ರೋಹಾ ದಾಟಿದ ಮೇಲೆ ಗದ್ದೆಗಳಲ್ಲಿ ಜನ ಕೊಪ್ಪೆ ಹೊದ್ದು ಬಗ್ಗಿದ್ದರು. "ಇಲ್ಲಿ ನಟ್ಟಿ ಇನ್ನೂ ಮುಗಿಲಿಲ್ಲ" ಎಂದರು.

ದೀಪಾವಳಿ ಕಳೆಯಿತು. ಭತ್ತ ಕೊಯಿಲು, ಮಕ್ಕಳ ಪರೀಕ್ಷೆ, ಒಂದಲ್ಲ ಒಂದು. ಕಾರವಾರಕ್ಕೆ ಬಂದಾಗ ಅತ್ತೆ ಅಕ್ಕನಿಗೆ ಕಾಗದ ಬರೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಏನೆಂದು ಬರೆಯುವುದು ಎಂಬ ಕಷ್ಟ ತಪ್ಪಿತಲ್ಲ ಎಂದು ಒಳಗೊಳಗೇ ಹಗುರಾದೆ. ಸಂಕ್ರಾಂತಿಯ ಹೊತ್ತಿಗೆ ತುಳಸಕ್ಕ ತೀರಿಕೊಂಡರು. ಸುದ್ದಿ ಬಂದಾಗ ಅತ್ತೆ ಅಂಗಳದಲ್ಲಿ ಹುಣಸೆಹಣ್ಣು ಒಣಗಿಸುತ್ತಿದ್ದರಂತೆ. ಒಳಗೆ ಬಂದು ಮಿಂದರು, ಆ ದಿನ ಉಣ್ಣಲಿಲ್ಲ. ನಾನು ಬೊಬ್ರುವಾಡಕ್ಕೆ ಹೋಗಿ ಎದುರು ಕೂತಾಗ ಮಕ್ಕಳ ಪರೀಕ್ಷೆಯ ವಿಷಯ ಕೇಳಿದರು. ಒಂದು ಮಾತು ಬೈದಿದ್ದರೆ!

ಗೋಕರ್ಣದಲ್ಲಿ ಕಾರ್ಯ ಮುಗಿಸಿ ತುಳಸಕ್ಕನ ಮಗ ಗಣಪತಿ ಬೊಬ್ರುವಾಡಕ್ಕೆ ಬಂದ. ಐವತ್ತರ ಹತ್ತಿರದ ಮನುಷ್ಯ, ಬೋಳಿಸಿದ ತಲೆಗೆ ಬಿಸಿಲು ತಾಗದಂತೆ ಟವೆಲು ಹೊದ್ದುಕೊಂಡಿದ್ದ. ನಾನೂ ಅಂದು ಅಲ್ಲಿದ್ದೆ, ಅಡಿಗೆಮನೆಯ ಬಾಗಿಲಲ್ಲಿ ಚಾ ಲೋಟ ಹಿಡಿದು. ಅವನು ಅತ್ತೆಯ ಎದುರು ಕೂತು ಹೇಳತೊಡಗಿದ.

"ಆ ವಾರ ಪೂರಾ ಆಯಿ ಒಳ್ಳೆ ಸೀರೆ ಉಟ್ಕೊಂಡು ಬಾಗಿಲಲ್ಲೇ ಕೂತಿತ್ತು ಚಿಕ್ಕಿ. ಮಳೆ ಅಂತ ಫೋನು ಬಂದಾಗೆಲ್ಲ ನಗ್ತಿತ್ತು. 'ಬೆಳಂಬಾರದ ಹೆಣ್ಣಿಗೆ ಮಳೆ ಅಡ್ಡಾ ಆಗ್ತದಾ? ನನ್ನ ತಂಗಿ ಹೊಳೆ ಬಂದಾಗ ದೋಣೀಲಿ ನಿಂತು ಬಂದದ್ದು' ಅಂತ. ಆಮೇಲೆ ಆಮೇಲೆ ನಗುದು ಬಿಡ್ತು. ನಿಮಗೆ ಬರುಕೆ ಮನಸ್ಸಿಲ್ಲ, ಅದ್ಕೇ ಮಳೆ ಅಂತ ಹೇಳ್ತಾರೆ ಅಂತ ಅದಕ್ಕೆ ಅನ್ಸ್ತು. ಹದಿನೈದು ದಿವ್ಸ ಸರಿ ಮಾತಾಡ್ಲಿಲ್ಲ."

ನನ್ನ ಕೈಯ ಲೋಟ ಬಿಸಿಯಿತ್ತು. ಕೆಳಗಿಡಲಿಲ್ಲ.

"ನಿಮ್ಮ ಕಾಗದ ಬಂದ ಮೇಲೆ ಸಮಾ ಆಯ್ತು ನೋಡಿ. ನಿಮಗೆ ಜ್ವರ, ಏಳುಕೇ ಆಗ್ಲಿಲ್ಲ ಅಂತ ಬರೆಸಿದ್ರಲ್ಲಾ? ಇಡೀ ಚಾಳಿಗೆ ಓದಿ ಹೇಳಿಸ್ತು. 'ನಾ ಹೇಳ್ಲಿಲ್ವಾ, ಮಳೆಗೆ ಕೂರುದಲ್ಲ ಅದು! ಸೊಸೆ ಶಾಣ್ಯಾ ಅದೆ, ಮುದುಕಿ ಹೆದರ್ತದೆ ಅಂತ ಜ್ವರ ಮುಚ್ಚಿಟ್ಟು ಮಳೆ ಅಂತು. ಸುಮ್ನೆ ಇಷ್ಟು ವರ್ಷ ಅದಕ್ಕೆ ಇಂಗ್ಲಿಷ್ ಸೊಸೆ ಅಂದೆ' ಅಂತ. ಕೊನೆಗೂ ಅದೇ ಮಾತು, ನಿಮ್ಮ ಸೊಸೇನ ನೋಡ್ಬೇಕಿತ್ತು ಅಂತ."

ಅವನು ನನ್ನ ಕಡೆ ತಿರುಗಿ ನಕ್ಕ. ನಾನು ಚಾ ಕೊಟ್ಟೆ. ಅತ್ತೆಗೆ ಆ ಒಂಬತ್ತು ದಿನ ಒಂದು ಸೀನೂ ಬಂದಿರಲಿಲ್ಲ.

ಹದಿನಾಲ್ಕು ವರ್ಷ ಅತ್ತೆಯ ಒಂದೊಂದು ಕಾಗದವನ್ನೂ ಬರೆದವಳು ನಾನು. ಇದೊಂದನ್ನು ಊರಿನ ಶಾಲೆಯ ಅಕ್ಕೋರ ಹತ್ತಿರ ಹೋಗಿ ಬರೆಸಿದ್ದರು. ಸುಳ್ಳು ಹೇಳಿದವರ ಕೈಯ ನೀರು ಕುಡಿಯಬಾರದು ಎನ್ನುವ ಹೆಂಗಸು, ಶ್ರಾವಣದ ಮಳೆಯಲ್ಲಿ ಅಕ್ಕೋರ ಮನೆಗೆ ನಡೆದು ಹೋಗಿ, ಇಲ್ಲದ ಜ್ವರವನ್ನು ಒಂದೊಂದೇ ಸಾಲು ಹೇಳಿ ಬರೆಸಿದ್ದರು.

ಗಣಪತಿ ಬಸ್ಸಿಗೆ ಹೋದ ಮೇಲೆ ಅತ್ತೆ ಅಡಿಗೆಮನೆಗೆ ಬಂದು ಲೋಟಗಳನ್ನು ತೊಳೆಯತೊಡಗಿದರು. ನಾನು ಪಕ್ಕದಲ್ಲಿ ನಿಂತೆ.

"ಅತ್ತೆ, ಜ್ವರ ಅಂತ ಎಂತಕ್ಕೆ ಬರೆಸಿದ್ರಿ? ಮಳೆ ಅಂತಲೇ ಹೇಳ್ಬಹುದಿತ್ತು."

"ಮಳೆ ಅಂದ್ರೆ ಅಕ್ಕ ನಂಬುದಿಲ್ಲ."

"ಹಂಗಾದ್ರೆ ಖರೇನೇ ಬರೆಸ್ಬೇಕಿತ್ತು. ಸೊಸೆ ಕರ್ಕೊಂಡು ಬರ್ಲಿಲ್ಲ ಅಂತ."

ಅತ್ತೆ ಕೊನೆಯ ಲೋಟವನ್ನು ಬೋರಲು ಹಾಕಿದರು.

"ಅದನ್ನ ನಂಬ್ತಿತ್ತು ತಂಗಿ. ಅದ್ಕೇ ಬರೆಸ್ಲಿಲ್ಲ."

ಹೇಳಿ, ಸೆರಗಿಗೆ ಕೈ ಒರೆಸಿಕೊಂಡು, ಬಿಸಿಲು ಇಳಿಯುವ ಮೊದಲು ಒಣಗಿದ ಬಟ್ಟೆ ತೆಗೆಯಲು ಹೊರಗೆ ಹೋದರು. ಹೊರಗೆ ಮೋಡದ ಒಂದು ಚೂರೂ ಇರಲಿಲ್ಲ. ನಾನು ಮಾತ್ರ ಬಹಳ ಹೊತ್ತು ಒಳಗೇ ನಿಂತಿದ್ದೆ.